ಹರವಿ ಕೆಳಗಿನ ಉಸುಕು

ಹೋದ ವಾರ ಬಸವಕಲ್ಯಾಣಕ್ಕೆ ಹೋಗಿದ್ದೆ. ಹಳೇ ಪೇಟೆಯ ಓಣಿಯೊಳಗೆ ನಡೆಯುತ್ತಿದ್ದಾಗ ಮೂಗಿಗೆ ಒಂದು ವಾಸನೆ ಬಡಿಯಿತು. ಕಡಲೆ ಹುರಿದು ಪುಠಾಣಿ ಮಾಡುವ ವಾಸನೆಯಲ್ಲ, ಚುರುಮುರಿಯದ್ದೂ ಅಲ್ಲ. ಅವು ಎಲ್ಲರಿಗೂ ಗೊತ್ತು. ಇದು ಅದಕ್ಕೂ ಮುಂಚಿನದು. ಭಟ್ಟಿಗೆ ಬೆಂಕಿ ಹಾಕಿ, ಕಡಾಯಿಯಲ್ಲಿ ಬರೇ ಉಸುಕನ್ನು ಕಾಯಲು ಬಿಟ್ಟಿರುತ್ತಾರಲ್ಲ, ಕಾಳು ಇನ್ನೂ ಬಿದ್ದಿರುವುದಿಲ್ಲ, ಆ ಹೊತ್ತಿನ ವಾಸನೆ. ಮೊದಲ ಮಳೆಗೆ ಮಣ್ಣಿನಿಂದ ಏಳುವ ವಾಸನೆಗೆ ಇದು ಪೂರಾ ಉಲ್ಟಾ. ಉಸುಕಿನೊಳಗಿನ ಕಡೇ ಹನಿ ನೀರೂ ಬಿಟ್ಟು ಹೋಗುವಾಗ ಬರುವಂಥದ್ದು.

ಕಾಲು ಮುಂದಕ್ಕೆ ಹೋಗಲಿಲ್ಲ. ಭಟ್ಟಿಯ ಮುಂದೆ ಕೂತಿದ್ದ ಹೆಣ್ಣುಮಗಳು ತಲೆ ಎತ್ತಿದಳು.

"ಏನ್ ಕೊಡ್ಲಿರಿ ಅಣ್ಣಾರ? ಪುಠಾಣಿ ಆಗಾಕ ಇನ್ನಾ ಅರ್ಧಾ ತಾಸ ಬೇಕು."

"ಏನೂ ಬ್ಯಾಡ ತಂಗಿ. ಜರಾ ನಿಂದರ್ತೇನಿ."

"ನಿಂದರ್ರಿ. ಹೊಗಿ ಪುಕ್ಕಟ ಅದ."

ನಿಂತೆ. ನಾನು ಕಣ್ಣು ಒರೆಸಿಕೊಂಡದ್ದು ನೋಡಿ ಆಕೆ ಮೊರದಿಂದ ಹೊಗೆಯನ್ನು ಅತ್ತ ಕಡೆ ಬೀಸಿದಳು. ಅದು ಹೊಗೆಯ ತಪ್ಪಾಗಿರಲಿಲ್ಲ. ಆ ವಾಸನೆಯ ಹಿಂದೆ ಒಬ್ಬರು ಇದ್ದರು…

ನಾವು ಅವರನ್ನು ಕಾಕಾ ಅನ್ನುತ್ತಿದ್ದೆವು. ಬೆನ್ನ ಹಿಂದೆ ಭಟ್ಟಿ ಕಾಕಾ. ಇದೇ ಬಸವಕಲ್ಯಾಣದಲ್ಲಿ, ಇಂಥದ್ದೇ ಒಂದು ಓಣಿಯಲ್ಲಿ, ಅವರ ಅಪ್ಪ ಮುತ್ತ್ಯಾನ ಕಾಲದಿಂದ ಭಟ್ಟಿ ಇತ್ತಂತೆ. ಅಣ್ಣ ತಮ್ಮಂದಿರು ಪಾಲಾದ ಮೇಲೆ ಭಟ್ಟಿ ಇದ್ದ ಜಾಗ ತಮ್ಮನ ಕಡೆ ಹೋಯಿತು, ಇವರು ಐವತ್ತರ ಹತ್ತಿರದ ವಯಸ್ಸಿನಲ್ಲಿ ಹುಮನಾಬಾದಿನ ಕಾರ್ಖಾನೆಗೆ ಕೆಲಸಕ್ಕೆ ಬಂದರು. ಔಷಧಿಗೆ ಬೇಕಾಗುವ ಪುಡಿ ತಯಾರು ಮಾಡುವ ಕಾರ್ಖಾನೆ ಅದು. ಡ್ರಮ್ಮು ಇಡುವ ಶೆಡ್ಡಿಗೆ ಅವರನ್ನು ಕಾವಲಿಟ್ಟರು. ನಾನಾಗ ಅಲ್ಲಿ ಹಮಾಲಿ ಮಾಡುತ್ತಿದ್ದೆ. ಇಪ್ಪತ್ತಾರು ವಯಸ್ಸು, ಮದುವೆಯಾಗಿ ಎರಡು ಮಕ್ಕಳು.

ನಾನು ಏಳನೇ ಇಯತ್ತೆ ಅರ್ಧಕ್ಕೆ ಬಿಟ್ಟವನು. ನಮ್ಮೂರು ಮೋರಖಂಡಿಯ ಸಾಲಿ ಗೋಡೆಯನ್ನು ಒಳಗಿನಿಂದ ನೋಡಿದ್ದಕ್ಕಿಂತ ಹೊರಗಿನಿಂದ ನೋಡಿದ್ದೇ ಜಾಸ್ತಿ. ಅದರ ನಾಚಿಕೆ ನನಗಿಲ್ಲ. ಯಾರ ಮುಂದೂ ಕೈಯೊಡ್ಡದೆ ದುಡಿದಿದ್ದೇನೆ. ಮೂರು ಕ್ವಿಂಟಲಿನ ಡ್ರಮ್ಮನ್ನು ಒಬ್ಬನೇ ಓರೆ ಮಾಡಿ, ಅಂಚಿನ ಮೇಲೆ ಗಿರಗಿರ ತಿರುಗಿಸಿಕೊಂಡು ಶೆಡ್ಡಿನ ಆ ತುದಿಗೆ ಒಯ್ದು ನಿಲ್ಲಿಸುತ್ತಿದ್ದೆ. ಲಾರಿ ಡ್ರೈವರುಗಳು ಬೀಡಿ ಹಚ್ಚಲು ಗೇಟಿನ ಹೊರಗೆ ಹೋಗುವುದನ್ನೂ ಮರೆತು ನನ್ನನ್ನೇ ನೋಡುತ್ತಿದ್ದರು. ಕಾಕಾ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಏ ಪೈಲ್ವಾನ್" ಅನ್ನುವರು. ಹೊಗಳಿಕೆಯೋ ಚೇಷ್ಟೆಯೋ ಅನ್ನುವುದು ಅವರ ಮುಖ ನೋಡಿದರೆ ತಿಳಿಯುತ್ತಿರಲಿಲ್ಲ.

ಆ ಶೆಡ್ಡಿನಲ್ಲಿ ಒಂದು ಮಾಲು ಬರುತ್ತಿತ್ತು. ಥಯೋನಿಲ್ ಕ್ಲೋರೈಡ್ ಅಂತ ಅದರ ಹೆಸರು, ನಾವು ಬರೇ ಥಯೋನಿಲ್ ಅನ್ನುತ್ತಿದ್ದೆವು. ನೋಡಲು ಎಣ್ಣೆ ಬೆರೆಸಿದ ನೀರಿನ ಹಾಗೆ, ತುಸು ಹಳದಿ. ಮೈಗೆ ತಾಗಿದರೆ ಚರ್ಮ ಸುಡುತ್ತದೆ. ಅದರ ಹೊಗೆ ಎದೆಯೊಳಗೆ ಹೋದರೆ ಉಸಿರು ಅಲ್ಲೇ ಕಟ್ಟುತ್ತದೆ. ಎಲ್ಲಕ್ಕೂ ಹೆಚ್ಚಿನ ಮಾತೆಂದರೆ ಅದಕ್ಕೂ ನೀರಿಗೂ ಆಗಿಬರುವುದಿಲ್ಲ. ನೀರು ಬಿದ್ದರೆ ಕುದ್ದು, ಸಿಡಿದು, ಬಿಳೀ ಹೊಗೆ ಎದ್ದು, ನಿಂತವರನ್ನೆಲ್ಲ ಹೊಡೆದು ಕೆಡವುತ್ತದೆ.

ನಮ್ಮ ಕಡೆ ನೀರಿನ ರೂಢಿ ಹೇಗೆಂದು ನಿಮಗೆ ಗೊತ್ತೇ ಇದೆ. ಮನೆಗೆ ಬಂದವರಿಗೆ ಮೊದಲು ತಂಬಿಗೆ ನೀರು. ಯಾರಾದರೂ ಬವಳಿ ಬಂದು ಬಿದ್ದರೆ ನೀರು. ಬೆಂಕಿಗೆ ನೀರು, ಜಗಳ ಆಡುತ್ತಿರುವವರಿಗೂ ನೀರು. ಏನಾದರೂ ಚೆಲ್ಲಿದರೆ ನಮ್ಮ ಕೈ ತಾನಾಗಿ ಕೊಡದ ಕಡೆ ಹೋಗುತ್ತದೆ. ಕಾಕಾನ ಇಡೀ ಕೆಲಸವೆಂದರೆ ನಮ್ಮ ಕೈಯ ಈ ರೂಢಿಯನ್ನು ಬಿಡಿಸುವುದೇ ಆಗಿತ್ತು.

"ಇದಕ್ಕ ನೀರಡಿಕಿ ಭಾಳ ಅದ," ಅನ್ನುವರು. "ಗಾಳ್ಯಾಗಿನ ತೇವಾ ಸುದ್ದಾ ಬಿಡಾಂಗಿಲ್ಲ, ಕುಡೀತದ. ಕುಡದ್ರ ಹುಚ್ಚ ಹಿಡೀತದ. ನೆಲಕ್ಕ ಚೆಲ್ಲಿದ್ರ ನೀರು ಹಾಕಬ್ಯಾಡ್ರಿ. ಮೈಮ್ಯಾಲ ಬಿದ್ರ ಮಾತ್ರ ನೀರೇ ಬೇಕು. ಒಣಾ ಅರಿವಿಲೆ ಪಟ್ನ ಒತ್ತಿ ತಗೀರಿ, ನಳದ ಕೆಳಗ ನಿಂದರ್ರಿ. ತ್ವಾಡೇ ನೀರು ಕೆಡಸ್ತದ, ಭಾಳ ನೀರು ಉಳಸ್ತದ."

ಇನ್ನೂ ಹೇಳುವರು. ಚೆಲ್ಲಿದ್ದನ್ನು ಉಸುಕಿನಿಂದ ಮುಚ್ಚಿ ಬಳಿದು ತುಂಬಿದ ಮೇಲೆ ಡ್ರಮ್ಮಿನ ಮುಚ್ಚಳ ಬಿಗಿ ಮಾಡಬಾರದು, ಒಳಗೆ ಗಾಳಿ ತುಂಬಿ ಒಡೆಯುತ್ತದೆ. ಗಟಾರದ ಕಡೆ ಹರಿಯಲು ಬಿಡಬಾರದು. ಗಾಳಿ ಎತ್ತಣಿಂದ ಬರುತ್ತದೋ ಆ ಕಡೆಗೆ ಓಡಬೇಕು, ಗಾಳಿಯ ಜೊತೆ ಓಡಬಾರದು. ಗಾಳಿ ತಿಳಿಯಲೆಂದು ಶೆಡ್ಡಿನ ಮೂಲೆಗೆ ಬಿದಿರು ನೆಟ್ಟು, ತಮ್ಮ ಹಳೇ ಕೆಂಪು ರುಮಾಲಿನ ತುಂಡು ಕಟ್ಟಿದ್ದರು. ಎಷ್ಟೋ ಹಮಾಲರು ಅದನ್ನು ಯಾವುದೋ ದೇವರ ನಿಶಾನೆ ಎಂದು ತಿಳಿದು ಕೈಮುಗಿದು ಒಳಗೆ ಬರುತ್ತಿದ್ದರು. ಕಾಕಾ ಬೇಡ ಅನ್ನಲಿಲ್ಲ. "ಮುಗೀಲಿ. ಹಂಗರೆ ದಿನಾ ಅದರ ಕಡೆ ಒಮ್ಮಿ ನೋಡ್ತಾರ" ಅಂದರು.

ಆದರೆ ಅವರ ಖರೇ ಕೆಲಸ ಉಸುಕು.

ಶೆಡ್ಡಿನ ಹೊರಗೆ ಒಣ ಉಸುಕು ತುಂಬಿದ ನಾಲ್ಕು ನೀಲಿ ಡ್ರಮ್ಮು ಇದ್ದವು. ಬೇರೆ ಕಡೆಯೆಲ್ಲ ಕೆಂಪು ಬಕೇಟಿನಲ್ಲಿ ಉಸುಕು ತುಂಬಿ ಗೋಡೆಗೆ ತೂಗುಹಾಕುತ್ತಾರೆ. ಅದರಲ್ಲಿ ಮಳೆ ಬೀಳುತ್ತದೆ, ಇಬ್ಬನಿ ಬೀಳುತ್ತದೆ, ಜನ ಉಗುಳುತ್ತಾರೆ. ಕಾಕಾ ಬಂದ ಮೊದಲ ವಾರವೇ ಆ ಉಸುಕನ್ನು ಮುಷ್ಟಿಯಲ್ಲಿ ಹಿಡಿದು, ಕೈ ಬಿಚ್ಚಿ, ಮುದ್ದೆಯಾಗಿ ನಿಂತದ್ದನ್ನು ಮೇಲಿನವರಿಗೆ ತೋರಿಸಿದರಂತೆ. "ಸಾಹೇಬ್ರ, ಇದು ಉಸುಕಲ್ಲ, ನೀರು. ಉಸುಕಿನ ಅಂಗಿ ಹಾಕ್ಕೊಂಡದ." ಅಂದಿನಿಂದ ಮುಚ್ಚಳದ ಡ್ರಮ್ಮು ಬಂದವು. ಪ್ರತಿ ಸೋಮವಾರ ಒಂದು ಡ್ರಮ್ಮಿನ ಪಾಳಿ. ಕಂಪೌಂಡಿನ ಹೊರಗೆ, ಮಾಲಿನಿಂದ ದೂರ, ಮೂರು ಕಲ್ಲಿನ ಒಲೆ ಹೂಡಿ, ಊರಿನಿಂದ ತಂದ ಭಟ್ಟಿಯ ಕಡಾಯಿ ಇಟ್ಟು, ಆ ಡ್ರಮ್ಮಿನ ಉಸುಕನ್ನು ಪೂರಾ ಹುರಿಯುವರು.

ಹಮಾಲರಿಗೆ ಅದು ನಗೆಪಾಟಲು. "ಕಾಕಾ, ಉಸುಕಿಗಿ ಉಪ್ಪು ಖಾರ ಹಾಕ್ರಿ" ಅನ್ನುವರು. "ಚಾಲೂ ಮಾಡ್ರಿ ಕಾಕಾ, ಚುರುಮುರಿ ಮಸಾಲಿ ನಾ ತರ್ತೇನಿ" ಎಂದು ನಾನೇ ಎಷ್ಟು ಸಲ ಅಂದಿದ್ದೇನೆ. ಅವರು ಉದ್ದ ಹಿಡಿಕೆಯ ಸೌಟಿನಿಂದ ಉಸುಕು ಎಳೆಯುತ್ತ, ಎತ್ತುತ್ತ, ಕಿವಿಯನ್ನು ಕಡಾಯಿಯ ಕಡೆ ಓರೆ ಮಾಡಿ ಕೇಳುತ್ತಿದ್ದರು. ತೇವದ ಉಸುಕು ಕಡಾಯಿಗೆ ಬೇರೆ ಸದ್ದು ಮಾಡುತ್ತದೆ, ಒಣಗಿದ್ದು ಬೇರೆ ಮಾಡುತ್ತದೆ. ಕಡೆಗೆ ಅಂಗಿಯ ಕಿಸೆಯಿಂದ ಎಣಿಸಿ ನಾಲ್ಕು ಜೋಳದ ಕಾಳು ತೆಗೆದು ಉಸುಕಿಗೆ ಹಾಕುವರು. ಕಾಳು ಪಟಪಟ ಸಿಡಿದು ಅಳ್ಳಾದರೆ ಹದ ಬಂತು ಅಂತ ಲೆಕ್ಕ. ಎರಡು ಅಳ್ಳು ತಾವು ಬಾಯಿಗೆ ಹಾಕಿಕೊಂಡು ಎರಡು ನನ್ನ ಕೈಗೆ ಇಡುವರು.

"ತಿನ್ನು ಪೈಲ್ವಾನ್. ಉಸುಕು ಪಾಸ್ ಆತು."

ಬಿಸಿ ಇರುವಾಗ ಮುಚ್ಚಳ ಹಾಕುತ್ತಿರಲಿಲ್ಲ, ಒಳಗೆ ಬೆವರುತ್ತದೆ ಎಂದು. ಪೂರಾ ಆರಿದ ಮೇಲೆ, ಡ್ರಮ್ಮಿನ ಒಳಗೋಡೆಯನ್ನು ಒಣ ಅರಿವೆಯಿಂದ ಒರೆಸಿ, ತುಂಬಿ, ಮುಚ್ಚುವರು. ಮಗುವಿಗೆ ಹಾಲು ಕುಡಿಸಿ ಮಲಗಿಸಿದ ತಾಯಿಯ ಹಾಗೆ ಮುಚ್ಚಳದ ಮೇಲೆ ಒಮ್ಮೆ ಕೈ ಆಡಿಸುವರು. ಅವರಿದ್ದಷ್ಟು ವರ್ಷ ಆ ಉಸುಕು ಕೆಲಸಕ್ಕೆ ಬಂದದ್ದು ಎರಡು ಮೂರು ಸಲ, ಅದೂ ಬೊಗಸೆಯಷ್ಟು ಚೆಲ್ಲಿದಾಗ. ಉಳಿದಂತೆ ಬರೇ ಹುರಿಯುವುದು, ತುಂಬುವುದು… ಪುಠಾಣಿ ಹುರಿದವರು ನಮಗೇನು ಕಲಿಸುತ್ತಾರೆ ಎಂದು ನನ್ನ ಒಳಗೆ ಒಂದು ಸೊಕ್ಕು ಇದ್ದೇ ಇತ್ತು. ಅವರ ಕಿಸೆಯ ಪುಠಾಣಿ ಮಾತ್ರ ನಾಚಿಕೆಯಿಲ್ಲದೆ ತಿನ್ನುತ್ತಿದ್ದೆ. ಮಧ್ಯಾಹ್ನ ರೊಟ್ಟಿ ಬಿಚ್ಚಿದಾಗ ಅವರ ಪುಂಡಿಪಲ್ಲೆಯಲ್ಲಿ ಅರ್ಧ ನನ್ನ ರೊಟ್ಟಿಗೇ ಬರುತ್ತಿತ್ತು.

ಕಾಕಾ ಬಂದ ಆರನೇ ವರ್ಷದ ಬ್ಯಾಸಿಗೆ ಕೆಟ್ಟದಾಗಿತ್ತು. ಹಮಾಲರಿಗೆ ಕುಡಿಯಲು ಇಟ್ಟ ಪ್ಲಾಸ್ಟಿಕ್ ಡ್ರಮ್ಮಿನ ನೀರು ಚಹಾದ ಹಾಗೆ ಕಾಯುತ್ತಿತ್ತು. ಒಂದು ದಿನ ನಾನು ಹುಮನಾಬಾದಿನ ಸಂತೆಯಲ್ಲಿ ದೊಡ್ಡದೊಂದು ಮಣ್ಣಿನ ಹರವಿ ಕೊಂಡು, ಹೆಗಲ ಮೇಲೆ ಹೊತ್ತು ತಂದೆ. ಕ್ಯಾಂಟೀನಿನ ಹಿಂದೆ ಬೇವಿನ ಗಿಡದ ನೆರಳು ಇತ್ತು. ನಮ್ಮ ಮನೆಗಳಲ್ಲಿ ಹರವಿಯನ್ನು ಬರೇ ನೆಲಕ್ಕೆ ಇಡುವುದಿಲ್ಲ. ಕೆಳಗೆ ಉಸುಕು ಹಾಸಿ, ಉಸುಕಿಗೆ ನೀರು ಹೊಡೆದು, ಅದರ ಮೇಲೆ ಕೂಡಿಸಿದರೆ ನೀರು ಹಲ್ಲು ಜುಮ್ಮೆನ್ನುವಷ್ಟು ತಂಪು. ನನ್ನ ಅವ್ವ ಹಾಗೇ ಇಡುತ್ತಿದ್ದಳು, ಅವಳ ಅವ್ವನೂ ಹಾಗೇ.

ಉಸುಕು ಎಲ್ಲಿಂದ ತರುವುದು?

ಕಾಕಾ ಅವತ್ತು ರಜೆಯಲ್ಲಿದ್ದರು. ಕೊಹಿನೂರು ಅನ್ನುವ ಹಳ್ಳಿಗೆ ಮಗಳ ಬಾಣಂತನ ನೋಡಲು ಹೋಗಿದ್ದರು. ನಾನು ನಾಲ್ಕನೇ ಡ್ರಮ್ಮಿನ ಮುಚ್ಚಳ ತೆಗೆದೆ. ಆ ಡ್ರಮ್ಮಿನ ತಳವನ್ನು ಕಾಕಾನ ಹೊರತು ಯಾರೂ ನೋಡಿದ್ದಿಲ್ಲ. ಎರಡು ಬುಟ್ಟಿ ತೆಗೆದೆ. ಎಷ್ಟು ಹಗುರಾಗಿತ್ತು ಆ ಉಸುಕು, ಬೆರಳ ಸಂದಿನಿಂದ ರವೆಯ ಹಾಗೆ ಸೋರಿಹೋಗುತ್ತಿತ್ತು. ಗಿಡದ ಕೆಳಗೆ ಹಾಸಿ ಎರಡು ಕೊಡ ನೀರು ಹೊಡೆದೆ. ಹರವಿ ಇಟ್ಟೆ. ಮರುದಿನ ಎಲ್ಲರೂ ನನ್ನ ಬೆನ್ನು ತಟ್ಟಿ ನೀರು ಕುಡಿದರು. ನನಗೂ ಖುಷಿಯೋ ಖುಷಿ.

ಮೂರು ದಿನ ಬಿಟ್ಟು ಕಾಕಾ ಬಂದರು. ಬಂದವರೇ ಒಂದು ತಂಬಿಗೆ ನೀರು ಕುಡಿದು, ಮೀಸೆ ಒರೆಸಿಕೊಂಡು, "ಹಾ! ಯಾರ ಪುಣ್ಯಾದ ಕೆಲಸ ಇದು?" ಅಂದರು.

"ಪೈಲ್ವಾನಂದು" ಅಂದ ಯಾರೋ.

ಅವರು ಹರವಿಯ ಬುಡ ನೋಡಿದರು.

"ಉಸುಕು ಎಲ್ಲಿಂದು?"

"ಹೊರಗಿಂದ್ರಿ ಕಾಕಾ. ರಸ್ತಾದ ಕಡೆ ಬಿದ್ದಿತ್ತು."

ಸುಳ್ಳು ಹೇಳಲು ಯಾಕೆ ಬಾಯಿ ಬಂತೋ… ಎಲ್ಲರೂ ಹೊಗಳುತ್ತಿದ್ದಾಗ ಸಣ್ಣವನಾಗುವುದು ಬೇಡವಾಗಿತ್ತು, ಅಷ್ಟೇ. ಕಾಕಾ ತಂಬಿಗೆ ಬೋರಲು ಇಟ್ಟು ಹೋದರು. ಆದರೆ ನನಗೆ ಹೆದರಿಕೆ ಹುಟ್ಟಿತು. ಡ್ರಮ್ಮಿನ ಮುಚ್ಚಳ ತೆಗೆದರೆ ಉಸುಕು ಇಳಿದದ್ದು ಕಾಣುತ್ತದೆ. ಅವತ್ತು ಮಧ್ಯಾಹ್ನ ಅವರು ಊಟಕ್ಕೆ ಕೂತಾಗ ಹರವಿಯ ಕೆಳಗಿನ ಉಸುಕನ್ನೆಲ್ಲ ಬಳಿದು, ಅಲ್ಲಿ ಹೊಲದ ಮಣ್ಣು ತುಂಬಿದೆ. ಆ ಉಸುಕನ್ನು ಒಂದು ತಾಸು ಬಿಸಿಲಿಗೆ ಹರವಿದೆ. ಮೇಲೆ ಮುಟ್ಟಿ ನೋಡಿದೆ, ಒಣಗಿದೆ ಅನ್ನಿಸಿತು. ಡ್ರಮ್ಮಿನ ಒಣ ಉಸುಕನ್ನು ಚೀಲಕ್ಕೆ ತೆಗೆದು, ಇದನ್ನು ತಳಕ್ಕೆ ಸುರಿದು, ಒಣದನ್ನು ಅದರ ಮೇಲೆ ಹಾಕಿ ಸಪಾಟು ಮಾಡಿದೆ. ಮುಚ್ಚಳ ಬಿಗಿ ಮಾಡಿದೆ. ಆ ಡ್ರಮ್ಮಿನ ಪಾಳಿ ಬರಲು ಇನ್ನು ಮೂರು ಸೋಮವಾರ ಇತ್ತು. ಅಲ್ಲಿಯವರೆಗೆ ಯಾರು ಮುಟ್ಟುತ್ತಾರೆ? ಆಮೇಲೆ ಕಾಕಾನೇ ಹುರಿಯುತ್ತಾರೆ, ನನ್ನ ತಪ್ಪು ಕಡಾಯಿಯಲ್ಲಿ ಆವಿಯಾಗಿ ಹೋಗುತ್ತದೆ ಅಂದುಕೊಂಡೆ.

ಎರಡನೇ ವಾರವೇ ಚೆಲ್ಲಿತು.

ಬೆಳಿಗ್ಗೆ ಹನ್ನೊಂದರ ಸುಮಾರು. ಲಾರಿಯಿಂದ ಥಯೋನಿಲ್ ಇಳಿಸುತ್ತಿದ್ದೆವು. ಹಲಗೆಯ ಮೇಲಿಂದ ಜಾರಿಸಿ, ಕೆಳಗೆ ಹಾಸಿದ ಹಳೇ ಟಾಯರಿನ ಮೇಲೆ ಬೀಳಿಸುವುದು ರೂಢಿ. ಒಂದು ಡ್ರಮ್ಮು ಟಾಯರಿಗೆ ಬೀಳದೆ ಕಾಂಕ್ರೀಟಿನ ಅಂಚಿಗೆ ಬಿತ್ತು. ಕೆಳಗಿನ ಬೆಸುಗೆ ಬಿಟ್ಟುಕೊಂಡಿತು. ಮೊದಲು ಏನೂ ಕಾಣಲಿಲ್ಲ. ಆಮೇಲೆ ನೆಲದ ಮೇಲೆ ಒಂದು ಹಳದಿ ನಾಲಿಗೆ ಚಾಚಿಕೊಂಡು ಬಂತು, ಅದರ ತುದಿಯಿಂದ ಬಿಳೀ ಹೊಗೆ. ಗಂಟಲಿಗೆ ಸೂಜಿ ಚುಚ್ಚಿದ ಹಾಗಾಯಿತು.

ಹೊಸದಾಗಿ ಬಂದ ಹಮಾಲನೊಬ್ಬ, ಗೋರ್ಟಾದ ಕಡೆಯ ಒಳ್ಳೇ ಗಟ್ಟಿ ಆಳು, ಯಾರಿಗೂ ಕೇಳದೆ ಓಡಿದ. ವಾಪಸು ಬಂದಾಗ ಅವನ ಕೈಯಲ್ಲಿ ಬಕೇಟು ಇತ್ತು. ನನ್ನ ಹರವಿಯ ನೀರು, ತುಂಬ.

ಕಾಕಾ ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ನೀರು ಅಲ್ಲೇ ಇಡು! ಇಡು ಅಂದ್ರ ಇಡು!"

ಅವನು ಕಲ್ಲಾಗಿ ನಿಂತ. ಕಾಕಾ ಬಿದಿರಿನ ರುಮಾಲು ನೋಡಿದರು. "ಗೇಟಿನ ಕಡೆ ನಡೀರಿ, ಎಲ್ಲಾರೂ. ಹೊಗಿ ಕೂಡ ಓಡಬ್ಯಾಡ್ರಿ, ಅದರ ಎದುರಿಗಿ ನಡೀರಿ. ತಲಿ ಎಣಸ್ರಿ." ನಾವು ಗೇಟಿಗೆ ಹೋದೆವು. ಎಣಿಸಿದೆವು. ಯಾರೂ ಒಳಗೆ ಉಳಿದಿರಲಿಲ್ಲ. ಕಾಕಾ ಮತ್ತು ಶಿಫ್ಟಿನ ಸುಪರ್ವೈಸರ್ ಇಬ್ಬರೇ ಮುಖವಾಡ, ರಬ್ಬರಿನ ಅಂಗಿ, ಬೂಟು, ಕೈಗವಸು ಹಾಕಿಕೊಂಡು ಗಾಳಿ ಬರುವ ದಿಕ್ಕಿನಿಂದ ಒಳಗೆ ಹೋದರು.

ಅವರು ಅವಸರ ಮಾಡಲಿಲ್ಲ. ಮೊದಲು ಗಟಾರದ ಬಾಯಿಗೆ ಉಸುಕಿನ ಒಡ್ಡು ಹಾಕಿದರು. ಆಮೇಲೆ ಹೊರಗಿನಿಂದ ಒಳಕ್ಕೆ, ಸಲಿಕೆ ಸಲಿಕೆಯಾಗಿ ಮುಚ್ಚುತ್ತ ಬಂದರು. ಒಂದನೇ ಡ್ರಮ್ಮು ಮುಗಿಯಿತು. ಎರಡನೆಯದು, ಮೂರನೆಯದು. ಕಾಕಾ ಹುರಿದ ಉಸುಕು ಅದರ ಮೇಲೆ ಸದ್ದಿಲ್ಲದೆ ಬೀಳುತ್ತಿತ್ತು, ಬಿದ್ದಲ್ಲಿ ಹೊಗೆ ಕೂತುಬಿಡುತ್ತಿತ್ತು. ನನ್ನ ಪಕ್ಕದವನು "ನೋಡ್ಲೇ, ಮುದುಕ ಮಲಗಿಸೇ ಬಿಟ್ಟ" ಅಂದ. ನಾನು ನಾಲ್ಕನೇ ಡ್ರಮ್ಮಿನ ಕಡೆ ನೋಡುತ್ತಿದ್ದೆ.

ಆಗ ಕೂಗಬಹುದಿತ್ತು. ಗೇಟಿನಿಂದ ಅಲ್ಲಿಗೆ ನನ್ನ ದನಿ ಕೇಳುತ್ತಿತ್ತು. ಕಾಕಾ, ಅದನ್ನ ಮುಟ್ಟಬ್ಯಾಡ್ರಿ ಎಂದು ಮೂರೇ ಮಾತು. ಮೇಲಿನ ಒಣ ಉಸುಕೇ ಸಾಕಾಗಲಿ, ಸಾಕಾಗಲಿ ಎಂದು ಒಳಗೇ ಬೇಡಿಕೊಂಡೆ. ಬಾಯಿ ತೆಗೆಯಲಿಲ್ಲ.

ನಾಲ್ಕನೇ ಡ್ರಮ್ಮಿನ ಮೊದಲ ಸಲಿಕೆಗಳೂ ಸದ್ದಿಲ್ಲದೆ ಬಿದ್ದವು. ಆಮೇಲೆ ಒಂದು ಸಲಿಕೆ ಬಿತ್ತು ನೋಡಿ, ಕಾದ ಹಂಚಿಗೆ ನೀರು ಎರಚಿದ ಹಾಗೆ ಚುರ್ ಅಂತು. ಬಿಳೀ ಹೊಗೆಯ ಗೋಡೆ ಎದ್ದಿತು. ಉಸುಕು ಸಿಡಿದು ಕಾಕಾನ ಎದೆಗೆ, ಕೈಗೆ ಹಾರಿತು. ಅವರು ಎರಡು ಹೆಜ್ಜೆ ಹಿಂದೆ ಸರಿದರು. ಸುಪರ್ವೈಸರನನ್ನೂ ಹಿಂದಕ್ಕೆ ತಳ್ಳಿದರು. ಆಮೇಲೆ ಡ್ರಮ್ಮಿನೊಳಗೆ ಕೈ ಹಾಕಿ ಒಂದು ಮುಷ್ಟಿ ತೆಗೆದು, ಹಿಚುಕಿ, ಕೈ ಬಿಚ್ಚಿದರು.

ಮುದ್ದೆಯಾಗಿ ನಿಂತಿತ್ತು.

ಮುಖವಾಡದ ಎರಡು ಗಾಜು ಗೇಟಿನ ಕಡೆ ತಿರುಗಿದವು. ಅಷ್ಟು ಜನ ನಿಂತಿದ್ದೆವು ಅಲ್ಲಿ. ಅವರು ನೋಡಿದ್ದು ನನ್ನನ್ನು ಎಂದು ನಾನು ಹೇಗೆ ಹೇಳಲಿ? ಕಣ್ಣೇ ಕಾಣುತ್ತಿರಲಿಲ್ಲ. ಆದರೂ ನನಗೆ ಗೊತ್ತು.

ಆ ಡ್ರಮ್ಮನ್ನು ಬದಿಗೆ ಎಳೆದು, ಆ ಸೋಮವಾರ ಹುರಿದು ಡ್ರಮ್ಮಿಗೆ ಹಿಡಿಯದೆ ಉಳಿದಿದ್ದ ಉಸುಕಿನ ಡಬ್ಬಿಗಳನ್ನು ತರಿಸಿ, ಉಳಿದದ್ದನ್ನು ಮುಚ್ಚಿ ಮುಗಿಸಿಯೇ ಹೊರಗೆ ಬಂದರು. ನಳದ ಕೆಳಗೆ ಅಂಗಿ ತೆಗೆದು ನಿಂತರು. ಎಷ್ಟು ಹೊತ್ತು ನಿಂತರೆಂದರೆ ಸುತ್ತ ಕೆರೆಯಾಯಿತು. ಬಲಗೈಯಲ್ಲಿ, ಕೈಗವಸು ಮುಗಿಯುವಲ್ಲಿಂದ ಮೊಳಕೈವರೆಗೆ, ಚರ್ಮ ಸುಲಿದು ಬೆಳ್ಳಗಾಗಿತ್ತು. ಕುತ್ತಿಗೆಯ ಮೇಲೂ ಒಂದು ಬಿಲ್ಲೆಯಷ್ಟು. ಸಿಡಿದ ಏಟಿಗೆ ಮುಖವಾಡ ಅಲುಗಿ, ಸಂದಿನಿಂದ ಹೊಗೆ ಒಳಗೆ ಹೊಕ್ಕಿತ್ತು. ದವಾಖಾನೆಗೆ ಒಯ್ಯುವ ಗಾಡಿ ಹತ್ತುವಾಗ ಅವರು ಕೆಮ್ಮಿದ ಕೆಮ್ಮು…

ವಾರ ಬಿಟ್ಟು ಆಫೀಸಿನಲ್ಲಿ ವಿಚಾರಣೆ. ಹಮಾಲರನ್ನೆಲ್ಲ ಗೋಡೆಗೆ ನಿಲ್ಲಿಸಿದ್ದರು. ಕಾಕಾಗೆ ಖುರ್ಚಿ ಕೊಟ್ಟಿದ್ದರು, ಕೈಗೆ ಪಟ್ಟಿ ಇತ್ತು. ಮ್ಯಾನೇಜರ್ ಸಾಹೇಬರು ಕೇಳಿದ್ದು ಒಂದೇ: ಮುಚ್ಚಿದ ಡ್ರಮ್ಮಿನ ಉಸುಕು ತೊಯ್ದದ್ದು ಹೇಗೆ?

ನನ್ನ ಹೆಂಡತಿ, ಮಕ್ಕಳು, ಹಮಾಲಿ ಎಲ್ಲ ಕಣ್ಣ ಮುಂದೆ ಬಂದವು. ಆದರೂ ಹೇಳುವವನೇ ಇದ್ದೆ. ಇದನ್ನು ಈಗ ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಒಂದು ಹೆಜ್ಜೆ ಮುಂದಿಟ್ಟೆ. ಕಾಕಾ ನನ್ನ ಕಡೆ ತಿರುಗಿದರು.

"ಪೈಲ್ವಾನ್, ಗಂಟ್ಲ ಒಣಗ್ಯಾದ. ನಿನ್ನ ಹರವ್ಯಾಗಿನ ನೀರು ಜರಾ ತಗೊಂಬಾ."

ಹೋದೆ. ಬೇವಿನ ಗಿಡದ ತನಕ ಹೋಗಿ ತಂಬಿಗೆ ತೊಳೆದೆ. ಮತ್ತೊಮ್ಮೆ ತೊಳೆದೆ. ನೀರು ತುಂಬಿದೆ. ಆ ನೀರು ತರಲು ಎಷ್ಟು ಹೊತ್ತು ಬೇಕಿತ್ತೋ ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡೆ. ಇದೊಂದನ್ನು ಯಾರೂ ನನ್ನ ಕೈಯಿಂದ ಮಾಡಿಸಲಿಲ್ಲ, ನಾನೇ ಮಾಡಿದೆ.

ತಿರುಗಿ ಬಂದಾಗ ಎಲ್ಲ ಮುಗಿದಿತ್ತು. "ಆ ಡ್ರಮ್ಮಿನ ಪಾಳಿ ತಪ್ಪಿಸಿದ್ದೆ ಸಾಹೇಬ್ರ, ಹುರೀಲಾರದ ತುಂಬಿದ್ದೆ. ನಂದೇ ಕೈತಪ್ಪು" ಅಂದರಂತೆ. ಆರು ವರ್ಷ ಒಂದು ಸೋಮವಾರವೂ ತಪ್ಪಿಸದವರು. ನಗೆಪಾಟಲು ಮಾಡುತ್ತಿದ್ದ ಹಮಾಲರು ಕೂಡ ತಲೆ ತಗ್ಗಿಸಿದ್ದರು. ಕಾಕಾಗೆ ಈ ಭೂಮಿಯ ಮೇಲೆ ಹಮ್ಮು ಅಂತ ಇದ್ದದ್ದು ಒಂದೇ, ತಾವು ಹುರಿದ ಉಸುಕು. ಅದನ್ನೇ ತಮ್ಮ ಬಾಯಿಂದ ಹಾಳು ಮಾಡಿಕೊಂಡರು. ನಾನು ಕೊಟ್ಟ ತಂಬಿಗೆ ಇಸಿದುಕೊಂಡು ಗಟಗಟ ಕುಡಿದು, "ತಂಪದ" ಅಂದರು.

ಅವರನ್ನು ಕೆಲಸ ಬಿಡಿಸಿದರು. ಹೋಗುವಾಗ ಅವರು ಸಾಹೇಬರಿಗೆ ಒಂದು ಮಾತು ಹೇಳಿ ಹೋದರು ಎಂದು ನನಗೆ ಆಮೇಲೆ ತಿಳಿಯಿತು. ಉಸುಕಿನ ಕೆಲಸ ಪೈಲ್ವಾನಗೆ ಕೊಡ್ರಿ, ಇನ್ಮುಂದ ಅವನಷ್ಟು ಜತನ ಯಾರೂ ಮಾಡಾಂಗಿಲ್ಲ ಎಂದು. ನಾನು ಇವತ್ತು ಶೆಡ್ಡಿನ ಮುಕಾದಮನಾಗಿ ಹದಿನಾಲ್ಕು ಆಳಿನ ಮೇಲೆ ನಿಂತಿರುವುದು ಆ ಮಾತಿನ ಮೇಲೆ. ದುಡಿದು ಮೇಲೆ ಬಂದೆ ಎಂದು ಜನರ ಮುಂದೆ ಹೇಳುತ್ತೇನೆ. ದುಡಿದದ್ದೂ ಖರೇ.

ಒಂದೇ ಸಲ ಅವರ ಮನೆಗೆ ಹೋಗಿದ್ದೆ, ಬಸವಕಲ್ಯಾಣಕ್ಕೆ. ಮಳೆಗಾಲ ಮುಗಿದಿತ್ತು. ಕಟ್ಟೆಯ ಮೇಲೆ ಕೂತಿದ್ದರು, ಸೊರಗಿದ್ದರು. ಎರಡು ಮಾತಿಗೊಮ್ಮೆ ಕೆಮ್ಮು. ಅವರ ಹೆಂಡತಿ, ನಮ್ಮ ಕಾಕು, ತಂಬಿಗೆಯಲ್ಲಿ ನೀರು ತಂದಿಟ್ಟು, "ದಿನಾ ನಿನ್ನ ಸುದ್ದಿನೇ ಹೇಳ್ತಾರ ನೋಡಪ್ಪ" ಎಂದು ಒಳಗೆ ಹೋದರು. ಬಸ್ಸಿನಲ್ಲಿ ಬರುವಾಗ ಹೇಳುವ ಮಾತನ್ನು ಕೂಡಿಸಿಕೊಂಡೇ ಬಂದಿದ್ದೆ.

"ಕಾಕಾ… ಆ ಉಸುಕು…"

"ಹುರಿಯಾಕತ್ತೀಯಿಲ್ಲೋ?"

"ಹುರಿಯಾಕತ್ತೇನ್ರಿ."

"ಸೋಮವಾರ ತಪ್ಪಸಾಂಗಿಲ್ಲ?"

"ಇಲ್ರಿ."

"ಜ್ವಾಳ ಎಷ್ಟ ಹಾಕ್ತಿ?"

"ನಾಕ್ರಿ."

"ಅಳ್ಳಾಗ್ತಾವ?"

"ಆಗ್ತಾವ್ರಿ ಕಾಕಾ."

"ಮತ್ತ ಉಸುಕಿಂದೇನ್ ಮಾತದ? ಮುಗೀತಲ್ಲ. ನಿನ್ನ ಸಣ್ಣವ ಸಾಲಿಗಿ ಹೋಗಾಕತ್ತಾನೋ ಇಲ್ಲೋ, ಅದನ್ನ ಹೇಳು."

ಮಗನ ಸಾಲಿಯ ಸುದ್ದಿ ಹೇಳಿದೆ. ಮಳೆ, ಬೆಳೆ, ಕಾರ್ಖಾನೆಯ ಹೊಸ ಗೇಟಿನ ಸುದ್ದಿ ಹೇಳಿದೆ. ಬರುವಾಗ ಕಾಕಾ ಒಂದು ಪುಡಿಕೆ ಪುಠಾಣಿ ಕಿಸೆಗೆ ತುರುಕಿದರು. ಅವರು ನನ್ನ ಮಾತಿಗೆ ಮುಚ್ಚಳ ಹಾಕಿದ್ದು ನನ್ನ ಮೇಲಿನ ಅಂತಃಕರಣಕ್ಕೋ, ಆ ಮಾತು ಕೇಳಿಸಿಕೊಳ್ಳುವ ತಾಕತ್ತು ತಮಗೇ ಇರಲಿಲ್ಲವೋ, ಇವತ್ತಿಗೂ ನನಗೆ ತಿಳಿದಿಲ್ಲ. ಮುಂದಿನ ಸಲ ಬಂದಾಗ ಅವರೇನೇ ಅನ್ನಲಿ, ಹೇಳಿಯೇ ಬಿಡುತ್ತೇನೆ ಅಂದುಕೊಂಡು ಬಸ್ಸು ಹತ್ತಿದೆ. ಹುಮನಾಬಾದಿನಿಂದ ಬಸವಕಲ್ಯಾಣವೇನು ದೂರವಲ್ಲ. ದೂರವಲ್ಲದ ಊರಿಗೇ ಹೋಗುವುದು ಮುಂದಕ್ಕೆ ಬೀಳುತ್ತದೆ. ಚಳಿಗಾಲದಲ್ಲಿ ಅವರು ಹೋದ ಸುದ್ದಿ ನನಗೆ ಮುಟ್ಟಿದಾಗ ಮಣ್ಣಾಗಿ ಮೂರು ದಿನವಾಗಿತ್ತು.

ಈಗ ಕಾರ್ಖಾನೆಯಲ್ಲಿ ಎಲ್ಲ ಬದಲಾಗಿದೆ. ಚೆಲ್ಲಿದ್ದನ್ನು ಹೀರುವ ಪುಡಿಯ ಚೀಲಗಳು ಹೊರಗಿನಿಂದ ಬರುತ್ತವೆ. ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಳ್ಳುವ ಮುಖವಾಡಗಳಿವೆ. ತಿಂಗಳಿಗೊಮ್ಮೆ ಸೈರನ್ ಹಾಕಿ ತಾಲೀಮು ಮಾಡಿಸುತ್ತಾರೆ, ಎಲ್ಲರೂ ಗೇಟಿಗೆ ಬಂದು ತಲೆ ಎಣಿಸುತ್ತಾರೆ. ಇದೆಲ್ಲ ಒಳ್ಳೆಯದೇ, ಕಾಕಾ ಇದ್ದಿದ್ದರೆ ಒಂದೊಂದನ್ನೂ ಮುಟ್ಟಿ ನೋಡುತ್ತಿದ್ದರು. ನನ್ನ ನೀಲಿ ಡ್ರಮ್ಮುಗಳೂ ಇವೆ. ಬೀಗ ಹಾಕಿದ್ದೇನೆ, ಬೀಗದ ಕೈ ನನ್ನ ಉಡಿದಾರಕ್ಕೆ ಇದೆ. ಬೇವಿನ ಗಿಡದ ಕೆಳಗೆ ಈಗ ಹರವಿ ಇಲ್ಲ, ತಂಪು ನೀರಿನ ಮಷೀನು ಬಂದಿದೆ.

ಬಸವಕಲ್ಯಾಣದಿಂದ ಬಂದ ಮೇಲಿನ ಸೋಮವಾರ ಎಂದಿನಂತೆ ಕಂಪೌಂಡಿನ ಹೊರಗೆ ಒಲೆ ಹೂಡಿದೆ. ಕಡಾಯಿ ಅದೇ, ಕಾಕಾ ಬಿಟ್ಟು ಹೋದದ್ದು. ಹಮಾಲರು ದೂರದಿಂದ "ಮುಕಾದಮ್ರೇ, ಉಳ್ಳಾಗಡ್ಡಿ ಹೆಚ್ಚಲೇನ್ರಿ?" ಎಂದು ಕೂಗಿದರು. ಕೂಗಲಿ. ಉಸುಕು ಕಾದಿತು, ಆ ವಾಸನೆ ಎದ್ದಿತು. ಸುತ್ತ ಯಾರೂ ಇರಲಿಲ್ಲ. ಇಷ್ಟು ವರ್ಷ ಗಂಟಲಲ್ಲಿ ಕೂತ ಮಾತನ್ನು ಕಡಾಯಿಯ ಮುಂದೆ ಹೇಳಿದೆ.

"ಕಾಕಾ, ಆ ಉಸುಕು ತೊಯ್ಸಿದಾವ ನಾ ಇದ್ದೇನ್ರಿ."

ಇಷ್ಟೇ ಇತ್ತು ಆ ಮಾತು, ಹೇಳಲು ಒಂದು ಉಸಿರೂ ಬೇಕಾಗಲಿಲ್ಲ. ಅದನ್ನು ಕೇಳಬೇಕಾದ ಕಿವಿ ಮಾತ್ರ…

ನಾಲ್ಕು ಜೋಳದ ಕಾಳು ಹಾಕಿದೆ. ನಾಲ್ಕೂ ಅರಳಿದವು. ಎರಡು ಬಾಯಿಗೆ ಹಾಕಿಕೊಂಡೆ. ಉಳಿದ ಎರಡು ಅಂಗೈಯಲ್ಲಿ ಹಾಗೇ ಇದ್ದವು, ಆರುವವರೆಗೂ ಹಿಡಿದುಕೊಂಡು ಕೂತಿದ್ದೆ.